ಮೂಷಕ ಗಂಧಜೀನುಗಳ ಹಿಸ್ಸಾ ವಿಚಾರ: ಯಲಬುರ್ಗಾ ಸೀಮೆಯ ಎರೆಹೊಲದಿಂದ ಒಂದು ಪರಾಮರ್ಶೆ

ಮೂಷಕ ಗಂಧಶಾಸ್ತ್ರವು ಇದುವರೆಗೆ ಟೋಕಿಯೊ, ಲಿವರ್‌ಪೂಲ್ ಮೊದಲಾದ ದೂರದ ಪಟ್ಟಣಗಳ ಪ್ರಯೋಗಾಲಯಗಳಲ್ಲಿ ಬೆಳೆದುಬಂದಿದ್ದು, ಇಲಿಗಳು ಬಾಡಿಗೆ ಕೊಡದೆ ತಲೆತಲಾಂತರದಿಂದ ವಾಸಿಸುತ್ತಿರುವ ಯಲಬುರ್ಗಾ ಸೀಮೆಯ ಎರೆಹೊಲದ ಬದು, ಕಡಲೆಯ ಕಣ, ನೆಲದೊಳಗೆ ತೋಡಿ ಜೋಳ ತುಂಬುತ್ತಿದ್ದ ಹಗೇವು ಹಾಗೂ ಮಾಳಿಗೆಮನೆಯ ಜಂತಿಗಳ ಕಡೆಯಿಂದ ಅದನ್ನು ಪರಿಶೀಲಿಸುವ ಗೋಜಿಗೆ ವಿದ್ವಾಂಸರು ಹೋಗದಿರುವುದು ಶಾಸ್ತ್ರಕ್ಕೆ ಶೋಭೆ ತರುವ ಸಂಗತಿಯಲ್ಲ. ಈ ಪ್ರಬಂಧದ ಪ್ರತಿಜ್ಞೆ ಒಂದೇ: ದಂಶಕಗಳ, ಅಂದರೆ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುವ ಇಲಿ, ಹೆಗ್ಗಣ, ಅಳಿಲು ಮೊದಲಾದ ಪ್ರಾಣಿಗಳ, ಗಂಧಜೀನುಗಳು ವಿಕಾಸಗೊಂಡ ಬಗೆಯನ್ನು ಅರಿಯಲು ಸೂಕ್ಷ್ಮದರ್ಶಕಕ್ಕಿಂತ ಪಹಣಿಪತ್ರವೇ ಹೆಚ್ಚು ಉಪಯುಕ್ತವಾದ್ದರಿಂದ, ಈ ವಿಷಯವನ್ನು ಜೀವಶಾಸ್ತ್ರಜ್ಞರ ಕೈಯಿಂದ ಬಿಡಿಸಿ ಗ್ರಾಮಲೆಕ್ಕಿಗರ ವಶಕ್ಕೆ ಒಪ್ಪಿಸತಕ್ಕದ್ದು.

ಮೊದಲು ಪರಿಭಾಷೆ. ಫೆರಮೋನ್ ಎಂಬ ಹೆಸರನ್ನು 1959ರಲ್ಲಿ ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್ ಚಲಾವಣೆಗೆ ತಂದರು. ಒಂದು ಪ್ರಾಣಿ ಹೊರಚೆಲ್ಲಿ, ಅದೇ ಜಾತಿಯ ಇನ್ನೊಂದರ ನಡತೆಯನ್ನೋ ದೇಹಸ್ಥಿತಿಯನ್ನೋ ಬದಲಿಸುವ ರಾಸಾಯನಿಕಕ್ಕೆ ಈ ಹೆಸರು ಸಲ್ಲುತ್ತದೆ. ಜಾತ್ರೆಯಲ್ಲಿ ಮಾರುವ ಅತ್ತರು ಈ ವ್ಯಾಖ್ಯೆಯೊಳಗೆ ಬರಲಾರದು, ಏಕೆಂದರೆ ಅದನ್ನು ಪೂಸಿಕೊಂಡವರಿಂದ ಅನ್ಯರ ನಡತೆ ಬದಲಾದದ್ದಕ್ಕೆ ಪುರಾವೆ ದೊರೆತಿಲ್ಲ. ನಾತಕ್ಕೆ ಊರಿಗೇ ಹೆಸರಾದ ಮೂಗಿಲಿಯನ್ನೂ ಇಲ್ಲಿ ಕೈಬಿಡಬೇಕಾಗಿದೆ; ಹೆಸರಿನ ಕೊನೆಯಲ್ಲಿ ಇಲಿಯಿದ್ದರೂ ಅದು ಕೀಟ ತಿನ್ನುವ ಬೇರೊಂದು ವರ್ಗದ ಪ್ರಾಣಿಯಾಗಿದ್ದು, ದಂಶಕರ ವಾರಸಾಪಟ್ಟಿಯಲ್ಲಿ ಅದರ ಹೆಸರಿಲ್ಲ.

ಮನೆಯ ಸುಂಡಿಲಿಯ ಮೂತ್ರದಲ್ಲಿರುವ ಪ್ರೋಟೀನಿನ ಬಹುಪಾಲು ಒಂದೇ ಮನೆತನಕ್ಕೆ ಸೇರಿದ್ದು, ಅದಕ್ಕೆ ಪ್ರಮುಖ ಮೂತ್ರ ಪ್ರೋಟೀನು, ಸಂಕ್ಷೇಪದಲ್ಲಿ ಮಪ್, ಎನ್ನುತ್ತಾರೆ. ಯಕೃತ್ತಿನಲ್ಲಿ ತಯಾರಾಗಿ ಮೂತ್ರಪಿಂಡದ ಮೂಲಕ ಹೊರಬೀಳುವ ಈ ಪ್ರೋಟೀನಿನ ನಡುವೆ ಒಂದು ಪೊಳ್ಳು ಇದ್ದು, ಬೇಗ ಆರಿಹೋಗುವ ಗಂಧದ ಅಣುಗಳು ಅದರೊಳಗೆ ಕುಳಿತು ನಿಧಾನವಾಗಿ ಹೊರಬರುವುದರಿಂದ ಒಂದು ಹನಿಯ ಗುರುತು ಬಹಳ ಹೊತ್ತು ಉಳಿಯುತ್ತದೆ. ಗಂಡಿಲಿ ತನ್ನ ಸರಹದ್ದಿನುದ್ದಕ್ಕೂ ಇಂಥ ಹನಿ ಬಿಡುತ್ತ ಹೋಗುವ ಕ್ರಿಯೆಗೆ ಕಂದಾಯ ಭಾಷೆಯಲ್ಲಿ ಹದ್ದುಬಸ್ತು ಎಂಬ ಹೆಸರು ಮೊದಲೇ ಸಿದ್ಧವಾಗಿದೆ. ಎದುರಾಳಿಯ ಹನಿಯ ಮೇಲೆ ತನ್ನ ಹನಿ ಬಿಡುವುದು ತಕರಾರು ಅರ್ಜಿ. ಯಾರ ಹನಿ ತಾಜಾ ಇದೆಯೋ ಅವನ ಕಡೆಗೆ ಹೆಣ್ಣಿಲಿ ತೀರ್ಪು ಕೊಡುತ್ತದೆ, ಮತ್ತು ಆ ತೀರ್ಪು ಮೇಲ್ಮನವಿಗೆ ಹೋಗದೆ ಅದೇ ರಾತ್ರಿ ಜಾರಿಯಾಗುತ್ತದೆ ಎಂಬುದನ್ನು ಸಿವಿಲ್ ದಾವೆಗಳ ಅನುಭವವುಳ್ಳ ಓದುಗರು ಗಮನಿಸಬೇಕು. 12ನೆಯ ಶತಮಾನದಲ್ಲಿ, ಎರಂಬರಗೆ ಎಂದು ಕರೆಸಿಕೊಳ್ಳುತ್ತಿದ್ದ ಇದೇ ಯಲಬುರ್ಗಾದಿಂದ ಆಳಿದ ಸಿಂದ ಅರಸರು ತಮ್ಮ ಬಿರುದಾವಳಿಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಶ್ಚಿಂತರಾದರು. ಕಲ್ಲು ಉಳಿಯಿತು, ಸರಹದ್ದು ಹೋಯಿತು. ಇಲಿಗೆ ಆ ಸೌಕರ್ಯವಿಲ್ಲ. ನಿತ್ಯ ನವೀಕರಿಸದ ಹಕ್ಕು ಅಲ್ಲಿ ಊರ್ಜಿತವಾಗದು.

ಇನ್ನು ಹಿಸ್ಸೆಯ ಪ್ರಕರಣ. ಹೊಸ ಜೀನು ಹುಟ್ಟುವುದಕ್ಕೆ ಹಳೆಯ ಜೀನಿನ ನಕಲೇ ಮುಖ್ಯ ದಾರಿ ಎಂದು ಸುಸುಮು ಓನೊ 1970ರಲ್ಲಿ ಗ್ರಂಥವನ್ನೇ ಬರೆದು ವಾದಿಸಿದರು. ಹೀಗೆ ಹುಟ್ಟಿದ ನಕಲುಗಳಲ್ಲಿ ಕೆಲವು ಬಾಳಿ ಕೆಲವು ಕೆಟ್ಟು ಸುಮ್ಮನಾಗುತ್ತವೆ ಎಂಬ ಜನನ-ಮರಣ ಮಾದರಿಯನ್ನು ಮಸಾತೋಶಿ ನೇಯಿ ಮುಂದಿಟ್ಟರು. ಯಲಬುರ್ಗಾ ಸೀಮೆಯ ಯಾವ ರೈತನಿಗೂ ಇದನ್ನು ಕಲಿಸಿಕೊಡಬೇಕಾಗಿಲ್ಲ. ಅಜ್ಜನ ಹೆಸರಿನಲ್ಲಿ ಒಂದೇ ಸರ್ವೆ ನಂಬರಿನಲ್ಲಿದ್ದ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿ ಪಕ್ಕಪಕ್ಕದ ಹಿಸ್ಸೆಗಳಾಗುತ್ತದೆ. ಒಬ್ಬ ಕಡಲೆ ಬಿತ್ತುತ್ತಾನೆ, ಇನ್ನೊಬ್ಬ ಬಿಳಿಜೋಳ ಹಾಕುತ್ತಾನೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನ ಪಾಲು ಬೀಳು ಬೀಳುತ್ತದೆ. ಸುಂಡಿಲಿಯ 4ನೆಯ ವರ್ಣತಂತುವಿನಲ್ಲಿ ಮಪ್ ಜೀನುಗಳು ಒತ್ತೊತ್ತಾಗಿ ಕುಳಿತಿರುವುದೂ ಇದೇ ಕ್ರಮದಲ್ಲಿ: ಪ್ರಯೋಗಾಲಯದ ಪ್ರಮಾಣ ತಳಿಯಲ್ಲಿ ಉಳುಮೆಯಲ್ಲಿರುವವು 21, ಬೀಳು ಬಿದ್ದವೂ ಹೆಚ್ಚುಕಡಿಮೆ ಅಷ್ಟೇ. ಹೀಗೆ ಕೆಟ್ಟುಹೋದ ಜೀನಿಗೆ ಶಾಸ್ತ್ರದಲ್ಲಿ ಹುಸಿಜೀನು ಎಂಬ ಹೆಸರಿದೆ. ಅದಕ್ಕೆ ಪಹಣಿ ಉಂಟು, ಫಸಲಿಲ್ಲ. ಸುಮಾರು 1.2 ಕೋಟಿ ವರ್ಷಗಳ ಹಿಂದೆ ಸುಂಡಿಲಿಯ ಕುಲದಿಂದ ಕವಲೊಡೆದ ನಾರ್ವೆ ಇಲಿಯಲ್ಲಿ ಮಪ್ ಜೀನುಗಳು 9 ಇದ್ದು, ಎರಡೂ ಮನೆಗಳ ಪಾಲುಪಟ್ಟಿಯನ್ನು ಹೋಲಿಸಿ ನೋಡಿದಾಗ, ಹಿಸ್ಸೆಯಾದದ್ದು ಕುಲಗಳು ಬೇರೆಯಾದ ಮೇಲೆ, ಒಬ್ಬರನ್ನೊಬ್ಬರು ಕೇಳದೆ ಎಂದು ಕಂಡುಬಂದಿದೆ. ನಾಯಿ, ಹಂದಿಗಳಲ್ಲಿ ಈ ಜೀನು ಒಂದೊಂದೇ ಇದೆ. ಅವು ಇಂದಿಗೂ ಅವಿಭಕ್ತ ಕುಟುಂಬಗಳು.

ಮೂತ್ರದಷ್ಟೇ ತೂಕವುಳ್ಳ ಇನ್ನೊಂದು ದಸ್ತಾವೇಜು ಕಣ್ಣೀರು. 2005ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಗಂಡು ಸುಂಡಿಲಿಯ ಕಣ್ಣೀರಿನಲ್ಲಿ ಇಎಸ್‌ಪಿ1 ಎಂಬ ಪೆಪ್ಟೈಡನ್ನು, ಅಂದರೆ ಅಮೈನೊ ಆಮ್ಲಗಳ ಗಿಡ್ಡ ಸರಪಳಿಯನ್ನು, ಗುರುತಿಸಿದರು. ಅದು ಮೂಗಿಗೆ ತಾಗಿದ ಹೆಣ್ಣು ಗಂಡನ್ನು ಒಪ್ಪಿಕೊಳ್ಳುವುದು ಹೆಚ್ಚುತ್ತದೆಂದು 2010ರಲ್ಲಿ ಸಾಬೀತುಪಡಿಸಲಾಯಿತು. ಈ ಕುಟುಂಬದ ಜೀನುಗಳು ಸುಂಡಿಲಿಯಲ್ಲಿ 38, ನಾರ್ವೆ ಇಲಿಯಲ್ಲಿ 10, ಮನುಷ್ಯನಲ್ಲಿ ಒಂದೂ ಇಲ್ಲ. ಮದುವೆಯ ಮಾತುಕತೆಯಲ್ಲಿ ಗಂಡಿನ ಕಣ್ಣೀರಿಗೆ ಬೆಲೆಯಿಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹೊರಗಿನಿಂದ ಹಿಡಿದು ತಂದ ಇಲಿಗಳ ತಳಿಗಳಲ್ಲಿ ಧಾರಾಳವಾಗಿರುವ ಈ ಪೆಪ್ಟೈಡು, ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಸಾಕಿದ ಹಲವು ತಳಿಗಳಲ್ಲಿ ಒಸರುವುದೇ ಇಲ್ಲ: ಹೆಣ್ಣನ್ನೂ ಕಾಳನ್ನೂ ಸಂಬಳದ ನೌಕರರು ಪಂಜರಕ್ಕೇ ತಂದು ಬಿಡುವಲ್ಲಿ ಅಳುವ ಪ್ರಮೇಯವಾದರೂ ಎಲ್ಲಿಯದು? ಮಪ್ ವಿಷಯವೂ ಹೀಗೆಯೇ. ಹೊಲಮನೆಗಳ ಸುಂಡಿಲಿಗಳಲ್ಲಿ ಒಂದೊಂದರ ಮೂತ್ರದ ಮಪ್ ಮಿಶ್ರಣವೂ ಬೇರೆಯಾಗಿದ್ದು ಅದೇ ಅದರ ಸಹಿಯಾಗಿರುತ್ತದೆ. ಒಂದೇ ತಳಿಯ ಪ್ರಯೋಗಾಲಯದ ಗಂಡುಗಳೆಲ್ಲ ಒಂದೇ ಹೆಬ್ಬೆಟ್ಟು ಒತ್ತುತ್ತವೆ. ಅಂಥವುಗಳನ್ನು ಸಾಕ್ಷಿಗೆ ಕರೆದು ಬರೆದ ಶಾಸ್ತ್ರಕ್ಕೆ ಯಲಬುರ್ಗಾದ ಇಲಿಗಳು ಬದ್ಧವಾಗಬೇಕೆಂಬುದು ನ್ಯಾಯವಲ್ಲ.

ಮಪ್‌ಗಳಲ್ಲಿ ಒಂದು ತಾನಾಗಿಯೇ ಹೆಣ್ಣನ್ನು ಸೆಳೆಯುತ್ತದೆಂದು 2010ರಲ್ಲಿ ಕಂಡುಕೊಂಡ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ಸಂಗಡಿಗರು, ಜೇನ್ ಆಸ್ಟೆನ್ ಅವರ ಕಾದಂಬರಿಯ ನಾಯಕ ಡಾರ್ಸಿಯ ನೆನಪಿಗೆ ಅದನ್ನು ಡಾರ್ಸಿನ್ ಎಂದು ಕರೆದರು. ಆ ಕಾದಂಬರಿ ಪ್ರಕಟವಾದದ್ದು 1813ರಲ್ಲಿ. ಫೆರಮೋನುಗಳನ್ನು ಹಿಡಿಯುವ, ಮೂಗಿನ ತಳದಲ್ಲಿರುವ ಪುಟ್ಟ ಅಂಗವನ್ನು ಡೆನ್ಮಾರ್ಕಿನ ಲುಡ್ವಿಗ್ ಯಾಕೋಬ್ಸನ್ ವರ್ಣಿಸಿದ್ದೂ 1813ರಲ್ಲಿಯೇ. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಆದರೆ ಸಂಬಂಧವಿಲ್ಲದ್ದನ್ನು ದಾಖಲಿಸದೆ ಬಿಡುವುದು ಪಾಂಡಿತ್ಯದ ಲಕ್ಷಣವಲ್ಲ.

ಈ ಸೀಮೆಯ ಮಟ್ಟಿಗೆ ಉತ್ತಮ ಆಕರವೆಂದರೆ ವಾಲ್ಟರ್ ಎಲಿಯಟ್. ಕಂಪನಿ ಸರಕಾರದ ಈ ಅಧಿಕಾರಿ 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕು ಬಿಡುಗಡೆಯಾದವರು, ಶಾಸನಗಳನ್ನೂ ಇಲಿಗಳನ್ನೂ ಸರಿಸಮ ಶ್ರದ್ಧೆಯಿಂದ ಸಂಗ್ರಹಿಸಿದವರು. 1839ರಲ್ಲಿ ಅಚ್ಚಾದ ಅವರ ಸಸ್ತನಿಗಳ ಪಟ್ಟಿಯಲ್ಲಿ ಧಾರವಾಡ ಸೀಮೆಯ ಹೊಲದಿಲಿಗಳು ಸ್ಥಳೀಯ ಹೆಸರುಗಳ ಸಮೇತ ಹಾಜರಿವೆ. ವಡ್ಡರು ಹೇಳಿದಂತೆ ಅವರು ಮೆಟ್ಟಾಡೆ ಎಂದು ಬರೆದುಕೊಂಡ ಮೆತ್ತನೆ ಕೂದಲಿನ ಇಲಿ, ಬೇಸಗೆಯಲ್ಲಿ ಎರೆಮಣ್ಣಿನ ಬಿರುಕುಗಳಲ್ಲಿ ಸಂಸಾರ ಹೂಡಿ, ಮಳೆ ಬಿದ್ದು ಬಿರುಕು ಮುಚ್ಚಿಕೊಂಡಾಗ ಅಪಾರ ಸಂಖ್ಯೆಯಲ್ಲಿ ಸಾಯುತ್ತಿತ್ತು. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು, ಇಲಿ ಉಳಿಯಿತು. ಬಿತ್ತಿದ ಬೀಜವನ್ನು ತಿಂದು, ತಪ್ಪಿ ಬೆಳೆದ ಜೋಳದ ದಂಟನ್ನೇರಿ ತೆನೆ ಕಡಿದು, ರೈತರು ಕಂದಾಯ ಕಟ್ಟಲಾರದಂತೆ ಮಾಡಿತು. ಇಂತಿಷ್ಟು ಡಜನ್ ಇಲಿಗೆ ಒಂದು ಅಳತೆ ಕಾಳು ಎಂಬ ಕರಾರಿನ ಮೇಲೆ ವಡ್ಡರು ಸಾವಿರಗಟ್ಟಲೆ ಕೊಂದರೂ ಅವು ಕಡಿಮೆಯಾದಂತೆ ಕಾಣಲಿಲ್ಲವೆಂದು ಎಲಿಯಟ್ ದಾಖಲಿಸಿದ್ದಾರೆ. ಹಿಸ್ಸಾ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ: ಖಾತೆದಾರ ಸತ್ತ ರಾತ್ರಿಯೇ ಹನಿ ಹಳತಾಗತೊಡಗುತ್ತದೆ, ಹನಿ ಹಳತಾದ ಕೂಡಲೇ ದಾಯಾದಿ ಹಾಜರಾಗುತ್ತಾನೆ, ವಾರಸಾ ಬದಲಾವಣೆಗೆ ಶುಲ್ಕವೂ ಇಲ್ಲ, ಅಲೆದಾಟವೂ ಇಲ್ಲ. ಯಲಬುರ್ಗಾ ಆಗ ನಿಜಾಮರ ರಾಜ್ಯದಲ್ಲಿದ್ದುದು ನಿಜ. ಆದರೆ ಎರೆಮಣ್ಣಿನ ಬಿರುಕಾಗಲಿ ಅದರೊಳಗಿನ ಇಲಿಯಾಗಲಿ ಆ ಗಡಿಯನ್ನು ಮಾನ್ಯ ಮಾಡಿದ್ದಕ್ಕೆ ಆಧಾರವಿಲ್ಲ. ಇಲಿಯ ಬಗ್ಗೆ ಜನರ ನಿಲುವೂ ಇತ್ಯರ್ಥವಾಗಿಲ್ಲ: ಚೌತಿಯ ಮರುದಿನ ಇಲಿವಾರದ ನೈವೇದ್ಯ, ಮಿಕ್ಕ ದಿನ ಝಿಂಕ್ ಫಾಸ್ಫೈಡ್.

ಉಳಿದದ್ದು ಮನುಷ್ಯನ ಪ್ರಕರಣ. ಮನುಷ್ಯನಿಗೂ ಒಂದು ಮಪ್ ಜೀನು ಇತ್ತು. ಡಿಎನ್‌ಎ ಬರಹದಲ್ಲಿ ಒಂದೇ ಅಕ್ಷರ ಬದಲಾದ ಕಾರಣ ಅದರ ತುಣುಕುಗಳು ಸರಿಯಾಗಿ ಜೋಡಣೆಯಾಗದೆ ಅದು ಹುಸಿಜೀನಾಯಿತು. ಪಹಣಿಯಲ್ಲಿ ಬಸಪ್ಪ ಎಂಬುದು ಬಸವ್ವ ಎಂದಾಗಿ ಬೆಳೆಸಾಲ, ಬೆಳೆವಿಮೆ ಎರಡನ್ನೂ ಕಳೆದುಕೊಂಡವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಬಹುದಲ್ಲ ಎನ್ನುವವರು ಸ್ವೀಕೃತಿಯ ಕಡೆಯನ್ನೂ ನೋಡಬೇಕು: ಸುಂಡಿಲಿಯ ಯಾಕೋಬ್ಸನ್ ಅಂಗದಲ್ಲಿ ಗ್ರಾಹಕಗಳು, ಅಂದರೆ ಗಂಧದ ಅಣುವನ್ನು ಬರಮಾಡಿಕೊಳ್ಳುವ ಪ್ರೋಟೀನುಗಳು, ನೂರಾರು ಬಗೆಯವಿದ್ದರೆ, ಮನುಷ್ಯನಲ್ಲಿ ಅಂಥ ಜೀನುಗಳು ಐದರಷ್ಟು ಮಾತ್ರ ಉಳಿದಿವೆ, ಆ ಅಂಗದಿಂದ ಮಿದುಳಿಗೆ ಸುದ್ದಿ ಮುಟ್ಟಲು ಬೇಕಾದ ಟಿಆರ್‌ಪಿಸಿ2 ಎಂಬ ಜೀನು ಮನುಷ್ಯ, ಬಾಲವಿಲ್ಲದ ವಾನರ ಹಾಗೂ ಏಷ್ಯಾ-ಆಫ್ರಿಕಾದ ಕೋತಿಗಳಲ್ಲಿ ಕೆಟ್ಟು ಎರಡು ಕೋಟಿ ವರ್ಷಗಳೇ ಮೀರಿವೆ. ಅರ್ಜಿ ತಿದ್ದಿಸಿಕೊಂಡರೂ ಅದನ್ನು ತೆಗೆದುಕೊಳ್ಳುವ ಗುಮಾಸ್ತನ ಹುದ್ದೆ ಖಾಲಿ ಬಿದ್ದಿದ್ದು, ಭರ್ತಿಯ ಪ್ರಕಟಣೆ ಹೊರಟಿಲ್ಲ. ಆದಕಾರಣ ಮನುಷ್ಯನು ಸರಹದ್ದಿಗೆ ಸರ್ವೆಯರನನ್ನೂ, ಸಂಬಂಧ ಕುದುರಿಸಲು ದಲ್ಲಾಳಿಯನ್ನೂ, ಪ್ರತಿಷ್ಠೆಗೆ ಊರ ಬಾಗಿಲಲ್ಲಿ ತನ್ನ ಮುಖವುಳ್ಳ ಫ್ಲೆಕ್ಸನ್ನೂ ಆಶ್ರಯಿಸಿದ್ದಾನೆ. ಆ ಫ್ಲೆಕ್ಸಿನ ಬೆನ್ನನ್ನು ಇಲಿಗಳು ತಮ್ಮ ಹದ್ದುಬಸ್ತಿಗೆ ಬಳಸಿಕೊಳ್ಳುತ್ತಿರುವುದು ಪ್ರತ್ಯೇಕ ಪ್ರಬಂಧಕ್ಕೆ ಬಿಟ್ಟ ವಿಷಯ.