ಅಜ್ಜಿಗೆ ಬಿ.ಎಡ್. ಆಗಿಲ್ಲ

ಬಿಳಿಗಿರಿಯ ಸೋಲಿಗರಿಗೆ ರಂಗನಾಥ ಬರೀ ದೇವರಲ್ಲ, ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಕಟ್ಟಿಕೊಂಡವನು. ಈ ಕಥೆಯನ್ನು ಹಾಡಿ ಹೇಳುವ ಅಜ್ಜಿಯರು ಅವರ ಹಟ್ಟಿಗಳಾದ ಪೋಡುಗಳಲ್ಲಿದ್ದಾರೆ. ಶಾಲೆಯೊಳಗೆ ಮಾತ್ರ ಅವರಿಗೆ ಜಾಗವಿಲ್ಲ. ಬಿ.ಎಡ್. ಆಗಿಲ್ಲವಲ್ಲ!

ಕಥೆ ಹೇಳಲು ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿ ಬರುತ್ತಾರೆ. ಕಾರಿನಲ್ಲಿ, ಬ್ಯಾನರ್ ಸಮೇತ. ಆನೆ ಹೇಗೆ ನಡೆಯುತ್ತದೆಂದು ನಡೆದು ತೋರಿಸುತ್ತಾರೆ. ಆನೆ ಎದುರಾದರೆ ಯಾವ ಕಡೆ ಓಡಬೇಕೆಂದು ಬಲ್ಲ ಮಕ್ಕಳು ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಾರೆ. ಫೋಟೊ, ಊಟ, ಟಿ.ಎ. ಬಿಲ್ಲು. ಕಾರ್ಯಕ್ರಮ ಯಶಸ್ವಿ.

ಕಾಗದದ ಮೇಲೆ ನಮಗೇನು ಕಮ್ಮಿ? ಮಾತೃಭಾಷೆಯಲ್ಲಿ ಪಾಠ ಎಂದು ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಹೇಳಿದೆ. 'ಸಾಧ್ಯವಾದಷ್ಟು' ಎಂದೂ ಸೇರಿಸಿದೆ. ಸಾಧ್ಯವಾಗಲಿಲ್ಲ, ಮುಗಿಯಿತು. ಹಾಡಿ ಆಡಿ ಕಲಿಸುವ ನಲಿ-ಕಲಿ 1995ರಲ್ಲಿ ಶುರುವಾದದ್ದೇ ಜೇನು ಕುರುಬರ ಹಾಡಿಗಳಿರುವ ಹೆಗ್ಗಡದೇವನಕೋಟೆಯಲ್ಲಿ. ಈಗಲೂ ಮಗು ಮನೆಮಾತಿನಲ್ಲಿ ಬಾಯಿ ತೆರೆದರೆ, "ಸರಿಯಾಗಿ ಮಾತಾಡೋ!"

ನವೆಂಬರ್ 15ಕ್ಕೆ ಜನಜಾತೀಯ ಗೌರವ ದಿನ. ಅಂದು ಅದೇ ಮಗುವಿಗೆ ಸೊಪ್ಪು ಸುತ್ತಿ, ಮುಖಕ್ಕೆ ಬಣ್ಣ ಬಳಿದು ವೇದಿಕೆ ಹತ್ತಿಸುತ್ತೇವೆ. ಅವನ ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಆದರೆ ಆದಿವಾಸಿ ಯಾರೆಂದು ಅತಿಥಿಗಳಿಗೆ ಗೊತ್ತಾಗಬೇಡವೇ?

ದಾರಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1980ರ ದಶಕದಲ್ಲೇ ನೀನಾಸಮ್ ರಂಗಸಂಸ್ಥೆ ಉತ್ತರ ಕನ್ನಡದ ಮಂಚೀಕೇರಿಗೆ ಹೋಗಿ ಆಫ್ರಿಕಾ ಮೂಲದ ಸಿದ್ದಿಗಳ ಜೊತೆ ನಾಟಕ ಕಟ್ಟಿತು. ಚಿದಂಬರರಾವ್ ಜಂಬೆ ಆಡಿಸಿದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ ಸಿದ್ದಿಗಳ ಬಾಯಲ್ಲಿ ಕನ್ನಡವಾಯಿತು. ಚಪ್ಪಾಳೆ ಆಗಲೇ ಸಿಕ್ಕಿತು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರ ಹೆಸರು ಬರಲು 2003 ಆಗಬೇಕಾಯಿತು.

ಅಸಲಿ ನಾಟಕ ಆಡಿಸಲು ಇನ್ನೊಂದು ಹೆದರಿಕೆಯೂ ಇದೆ. ಸೋಲಿಗರ ಮಕ್ಕಳು ಮನೆಯಲ್ಲಿ ಕೇಳಿದ್ದನ್ನೇ ಆಡಿಬಿಟ್ಟರೆ? ಹಿರಿಯರು ತರಗುಬೆಂಕಿ ಹಾಕಿ ಕಾಡು ಕಾಯ್ದದ್ದು, ಇಲಾಖೆ ಅದನ್ನು ನಿಲ್ಲಿಸಿದ್ದು, ಲಂಟಾನ ಬೆಟ್ಟವನ್ನೇ ಮುಚ್ಚಿದ್ದು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾದ ಮೇಲೆ ಪೋಡುಗಳು ಎತ್ತಂಗಡಿಯಾದದ್ದು. ಮುಂದಿನ ಸಾಲಿನಲ್ಲಿ ಅರಣ್ಯಾಧಿಕಾರಿ ಹಾರ ಹಾಕಿಸಿಕೊಂಡು ಕೂತಿರುತ್ತಾರೆ.

ಹಾಗಾಗಿ ಈ ಸಲವೂ 'ಕಾಡು ಉಳಿಸಿ' ಕಿರುನಾಟಕ. ಮರ ಕಡಿಯುವ ಕಳ್ಳನ ಪಾತ್ರ ಸೋಲಿಗರ ಹುಡುಗನಿಗೆ. ಅವನಿಗೆ ಬುದ್ಧಿ ಹೇಳುವ ಫಾರೆಸ್ಟರ್ ಪಾತ್ರ ಮೇಷ್ಟ್ರ ಮಗನಿಗೆ.