ಕಾಳಿ ಎಂಬ ನಾಯಿಯ ಕಲ್ಲು

ಹಳೇ ಕಲ್ಲು ಹುಡುಕಿಕೊಂಡು ಹಳ್ಳಿಗೆ ಹೋಗುವವರನ್ನು ಊರಿನವರು ಎರಡೇ ಗುಂಪಿಗೆ ಸೇರಿಸುತ್ತಾರೆ: ಕೈಯಲ್ಲಿ ಟೇಪು ಇದ್ದರೆ ಸರ್ವೆಯವರು, ಇಲ್ಲದಿದ್ದರೆ ನಿಧಿಗಳ್ಳರು. ಅರಳಿಕಟ್ಟೆಯ ಬಳಿ ‘ಇಲ್ಲಿ ಶಾಸನ ಎಲ್ಲಿದೆ ಯಜಮಾನ್ರೇ?’ ಎಂದು ಕೇಳಿದವನಿಗೆ ಸಿಗುವುದು ಮರುಪ್ರಶ್ನೆ. ‘ತಮ್ದು ಯಾವೂರಾಯ್ತು ಸ್ವಾಮಿ?’ ಊರು, ಕೆಲಸ, ಸಂಬಳದ ವಿಚಾರಣೆಯೆಲ್ಲ ಮುಗಿದ ಮೇಲೆಯೇ ಕಲ್ಲಿನ ಸರದಿ.

ಇಷ್ಟೆಲ್ಲ ಪಾಡುಪಟ್ಟು ಮದ್ದೂರು ತಾಲ್ಲೂಕಿನ ಆತಕೂರಿಗೆ ಹೋದವರಿಗೆ ಊರು ಸಿಗುತ್ತದೆ, ಪ್ರಸಿದ್ಧ ಕಲ್ಲು ಸಿಗುವುದಿಲ್ಲ. ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಕತೆ ಮಾತ್ರ ಆ ಸೀಮೆಯದೇ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ನಿಂತ ಗಂಗರ ಇಮ್ಮಡಿ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೇರನೂ ಗಟ್ಟಿಯಾಗಿಯೇ ಕಾದಾಡಿದ. ದೊರೆ ಮೆಚ್ಚಿ, ಬೇಕಾದ್ದು ಕೇಳು ಎಂದ. ಈಗಿನವರಾಗಿದ್ದರೆ ಕಾರ್ನರ್ ಸೈಟು ಕೇಳುತ್ತಿದ್ದರು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು!

ಆಮೇಲೊಮ್ಮೆ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಚ್ಚಾಡಿ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯೆದುರು ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟ. ಕಲ್ಲಿನ ಮೇಲೆ ನಾಯಿ, ಹಂದಿ ಇವತ್ತಿಗೂ ಕಾದಾಡುತ್ತಲೇ ಇವೆ. ಶಾಸನದ ಷರತ್ತು ಇನ್ನೂ ಸೊಗಸು: ಗುಡಿಯ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ಹಾಗಾದರೆ ಈಗ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಮ್ಯೂಸಿಯಂ ಕಾವಲುಗಾರರ ಗತಿಯೇನು?

ತಮಾಷೆ ಅಷ್ಟಕ್ಕೇ ಇರಲಿ. 949-50ರ ಈ ಕಲ್ಲಿನಲ್ಲಿ ರಾಜಾದಿತ್ಯನ ಸಾವಿನ ಸುದ್ದಿಯೂ ಇದೆ. ಚೋಳ-ರಾಷ್ಟ್ರಕೂಟರ ಯುದ್ಧದ ಬಗ್ಗೆ ಬರೆಯುವ ವಿದ್ವಾಂಸರೆಲ್ಲ ಸಾಕ್ಷಿಗಾಗಿ ಕಾಳಿಯ ಬಾಗಿಲಿಗೇ ಬರಬೇಕು.

ಬೇಲೂರು ತಾಲ್ಲೂಕಿನ ಹಲ್ಮಿಡಿಯದೂ ಇದೇ ಪಾಡು. ಎಂ.ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ, ಸುಮಾರು 450ರ ಶಾಸನ ಮೈಸೂರಿಗೆ ಹೋಯಿತು. ಊರಿಗೆ ಉಳಿದದ್ದು ನಕಲು.

ರಾಯಚೂರು ಜಿಲ್ಲೆಯ ಮಸ್ಕಿ ಮಾತ್ರ ಬಚಾವಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿನ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲೆಲ್ಲ ಬರೆಸಿದ ರಾಜನಿಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ. ಸಿಂಹಳದ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಆ ರಾಜ ಅಶೋಕನೇ ಎಂದಿದ್ದರು. ಮಸ್ಕಿಯ ಬಂಡೆ ಬಿರುದಿನ ಜೊತೆಗೆ ಹೆಸರನ್ನೇ ಹೇಳಿ, ವಾದ ಮುಗಿಸಿತು. ಚಕ್ರವರ್ತಿಯ ಗುರುತಿನ ಚೀಟಿ ಚಿನ್ನದ ಸೀಮೆಯಲ್ಲಿ ಸಿಕ್ಕಿದ್ದು ನ್ಯಾಯವೇ. ಬೆಟ್ಟದ ಬಂಡೆಯನ್ನು ಲಾರಿಗೆ ಹೇರಲಾಗದ್ದರಿಂದ ಅದು ಇದ್ದಲ್ಲೇ ಇದೆ.

ನಿಮ್ಮೂರಿನಲ್ಲಿ ಏನೂ ಇಲ್ಲ ಎಂದು ಮೂಗು ಮುರಿಯುವ ಮೊದಲು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಿರುವಿ ನೋಡಿ. ಬಿ.ಎಲ್. ರೈಸ್ ಊರೂರು ಸುತ್ತಿ ಕಲೆಹಾಕಿದ ಸಾವಿರಾರು ಶಾಸನಗಳು ಅಲ್ಲಿ ತಾಲ್ಲೂಕುವಾರು ಅಚ್ಚಾಗಿವೆ. ನಿಮ್ಮ ತಾಲ್ಲೂಕಿನ ಪುಟ ತೆರೆದು, ಊರಿನ ಹೆಸರು ಹುಡುಕಿ, ಮುಂದಿನ ಭಾನುವಾರವೇ ಹೊರಡಿ. ಟೇಪು ಮರೆಯಬೇಡಿ.