ಭಾಗಾಕಾರದಲ್ಲಿ ತಾತನ ಪಾಲು

ಭಾಗಾಕಾರದ ಉತ್ತರ ಎಲ್ಲಿ ಬರೆಯಬೇಕು? ಮೈಸೂರಿನಲ್ಲಿ ಕಲಿತ ನಮ್ಮ ಮಾವನವರಿಗೆ ಬಲಗಡೆ, ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ತರಗತಿ ಓದುವ ಅವರ ಮೊಮ್ಮಗನಿಗೆ ನೆತ್ತಿಯ ಮೇಲೆ. ಆ ಒಂದಂಗುಲ ಜಾಗಕ್ಕೆ ನಮ್ಮ ಊಟದ ಮೇಜಿನ ಮೇಲೆ ನಡೆದ ಗಡಿ ವಿವಾದ ಇನ್ನೂ ಇತ್ಯರ್ಥವಾಗಿಲ್ಲ.

ಹುಡುಗ 952ನ್ನು 7ರಿಂದ ಭಾಗಿಸುತ್ತಿದ್ದ. ಮೊದಲು ನೂರು ಏಳು ತೆಗೆದ, 252 ಉಳಿಯಿತು. ಆಮೇಲೆ ಇಪ್ಪತ್ತು ಏಳು, ಹತ್ತು ಏಳು, ಕೊನೆಗೆ ಆರು ಏಳು. ಪಕ್ಕದಲ್ಲಿ ಬರೆದಿಟ್ಟ 100, 20, 10, 6 ಕೂಡಿಸಿ 136 ಅಂದ. ಪಾರ್ಶಿಯಲ್ ಕೋಶಂಟ್ಸ್ ಅಂತೆ.

ಬ್ಯಾಂಕಿನಲ್ಲಿ ತಲೆ ನೆರೆಸಿಕೊಂಡ ಮಾವ ಕೇಳಿದರು: “ಇದೇನೋ, ಸಾಲದ ಕಂತು ಕಟ್ಟಿದ ಹಾಗೆ!” ಪೆನ್ಸಿಲ್ ಕಿತ್ತುಕೊಂಡು, “ಒಂಬತ್ತರಲ್ಲಿ ಏಳು ಒಂದ್ಸಲ. ಉಳೀತು ಎರಡು. ಐದು ಇಳಿಸು. ಏಳ್ಮೂರ್ಲ ಇಪ್ಪತ್ತೊಂದು...” ಎಂದು ಮಗ್ಗಿಯ ರಾಗದಲ್ಲೇ ಅವರೂ 136ಕ್ಕೆ ಬಂದು ನಿಂತರು.

“ಅದು ಒಂಬತ್ತಲ್ಲ ತಾತ, ನೈನ್ ಹಂಡ್ರೆಡ್.”

ಹುಡುಗ ಹೇಳಿದ್ದು ಸರಿಯೇ. ನಮ್ಮ ಕಾಲದಲ್ಲಿ ಅದನ್ನು ಒಂಬತ್ತು ಎಂದೇ ನಂಬಿ ಇಡೀ ರಾಜ್ಯ ಪಾಸಾಯಿತು.

ಜಗಳ ಬಿಡಿಸಲು ನಾನು ಮಹಾವೀರಾಚಾರ್ಯರನ್ನು ಕರೆತಂದೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಅವರು ಭಾಜಕವನ್ನು ಭಾಜ್ಯದ ಕೆಳಗೆ ಇಡಿಸುತ್ತಾರೆ, ಎಡಗಡೆಯಲ್ಲ. ಮಾವನವರಿಗೆ ಸಿಟ್ಟು ಬಂತು. ಮಹಾವೀರಾಚಾರ್ಯರ ಮೇಲೆ ತೋರಿಸಲಾಗದೆ ನನ್ನ ಕಾಫಿಗೆ ಸಕ್ಕರೆ ಕಡಿಮೆ ಎಂದರು.

“ನಿಮ್ಮ ಪದ್ಧತೀನೂ ಕಲಿಸ್ತಾರೆ ಮಾವ” ಎಂದು ಸಮಾಧಾನ ಮಾಡಿದೆ. 2010ರಲ್ಲಿ ಬಂದ ಕಾಮನ್ ಕೋರ್ ಎಂಬ ಇಲ್ಲಿನ ಶಾಲಾ ಮಾನದಂಡದ ಪ್ರಕಾರ ನಾಲ್ಕನೇ ತರಗತಿಯಲ್ಲಿ ಸ್ಥಾನಬೆಲೆ ಅರಿತು ಒಂದಂಕಿಯಿಂದ ಭಾಗಿಸಬೇಕು. ಹಳೇ ಪದ್ಧತಿಯಲ್ಲಿ ಸಲೀಸಾಗಿ ಭಾಗಿಸುವುದು ಆರನೇ ತರಗತಿಗೆ.

“ಅಷ್ಟರಲ್ಲಿ ನನ್ನ ವೀಸಾ ಮುಗಿದಿರುತ್ತಮ್ಮ.”

ಮೊಮ್ಮಗನಿಗೆ ಕನಿಕರ ಹುಟ್ಟಿತು. ಹಳೇ ಪದ್ಧತಿಯ ಹೆಜ್ಜೆಗಳನ್ನು ನೆನಪಿಡಲು ಇಲ್ಲಿನ ಮಕ್ಕಳು ಹೇಳುವ ಸೂತ್ರ ಒಪ್ಪಿಸಿದ: ಡ್ಯಾಡ್, ಮದರ್, ಸಿಸ್ಟರ್, ಬ್ರದರ್, ರೋವರ್. ಅಂದರೆ ಡಿವೈಡ್, ಮಲ್ಟಿಪ್ಲೈ, ಸಬ್‌ಟ್ರಾಕ್ಟ್, ಬ್ರಿಂಗ್ ಡೌನ್, ರಿಮೇಂಡರ್.

ಮಾವ ಅರಳಿದರು. “ಅಪ್ಪ, ಅಮ್ಮ, ಅಕ್ಕ, ತಮ್ಮ. ಅವಿಭಕ್ತ ಕುಟುಂಬ! ಈ ರೋವರ್ ಯಾರೋ?”

“ನಾಯಿ.”

“ತಾತ ಎಲ್ಲಿ?”

ಹುಡುಗ ನೋಟ್‌ಬುಕ್ಕನ್ನೆಲ್ಲ ತಿರುವಿದ. ತಾತ ಸಿಗಲಿಲ್ಲ.

ನೀವೂ ಊರಿಂದ ಹಿರಿಯರನ್ನು ಕರೆಸುವವರಿದ್ದರೆ ದಯವಿಟ್ಟು ಮಗು ಆರನೇ ತರಗತಿಗೆ ಬಂದ ಮೇಲೆ ಟಿಕೆಟ್ ಮಾಡಿಸಿ. ಆ ಸೂತ್ರವನ್ನು ಮಾತ್ರ ಮನೆಯಲ್ಲಿ ಎತ್ತಬೇಡಿ.